ಎಳೆಜೋಳದ ಮೇಲೆ ಹೊರಿಸಿದ ಸಾವು

ಕಲಬುರಗಿ
೧೪ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ರಾಧಿಕಾ,

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದು ಎರಡೇ ಮಾತು. ನಮ್ಮ ಕಾರ್ಖಾನೆಯ ದಾಣಿಯನ್ನು ಇವತ್ತಿನಿಂದಲೇ ಎಮ್ಮೆಗಳಿಗೆ ಹಾಕುವುದು ನಿಲ್ಲಿಸು, ಮಗಳು ನೀಲಾಂಬಿಕಾಳಿಗೆ ಒಂದು ವಾರ ಮನೆಯ ಹಾಲು ಕೊಡಬೇಡ. ಯಾಕೆ ಯಾಕೆ ಎಂದು ನೀನು ಮೂರು ಸಲ ಕೇಳಿದೆ. ಪತ್ರ ಬರೆಯುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಹೇಳಹೊರಟಿದ್ದರೆ ನಾನು ಅಳುತ್ತಿದ್ದೆ, ನಾನು ಅತ್ತರೆ ನೀನು ಸಮಾಧಾನ ಮಾಡಲು ಶುರು ಮಾಡುತ್ತಿದ್ದೆ. ಕಾಲೇಜಿನ ದಿನದಿಂದಲೂ ನಮ್ಮಿಬ್ಬರ ನಡುವೆ ಹಾಗೇ ನಡೆದುಬಂದಿದೆ. ಈ ಸಲ ನಿನ್ನಿಂದ ಸಮಾಧಾನ ಪಡೆಯುವ ಮುಖ ನನಗಿಲ್ಲ. ಅದಕ್ಕೇ ಕಾಗದ.

ಮೊದಲು ಮುಖ್ಯವಾದದ್ದನ್ನು ಬರೆದುಬಿಡುತ್ತೇನೆ. ನಿಮ್ಮ ಗಂಗಿ ಸತ್ತದ್ದು ಎಳೆಜೋಳ ತಿಂದಲ್ಲ. ನಿನ್ನ ಅತ್ತೆ ಬಂಡಮ್ಮನವರ ತಪ್ಪು ಅದರಲ್ಲಿ ಒಂದು ಕಾಳಿನಷ್ಟೂ ಇಲ್ಲ. ಎಮ್ಮೆ ಸತ್ತದ್ದು ನಮ್ಮ ದಾಣಿ ತಿಂದು. ಆ ದಾಣಿಯ ಕಾಗದದ ಮೇಲೆ ಇರುವುದು ನನ್ನ ಸಹಿ.

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದುವಾಗ ನಿನಗೆ ಹೇಸಿಗೆಯಾದರೆ ನಿಲ್ಲಿಸಬೇಡ, ಪೂರ್ತಿ ಓದು.

ಗಣೇಶ ಚೌತಿ ಮುಗಿದ ಮೂರನೆಯ ದಿನ ಕಪನೂರಿನ ನಮ್ಮ ಕಾರ್ಖಾನೆಗೆ ಮೆಕ್ಕೆಜೋಳದ ಎಂಟು ಲಾರಿ ಬಂದವು. ಎಲ್ಲಿಯೋ ಸೋರುವ ಗೋದಾಮಿನಲ್ಲಿ ಎರಡು ತಿಂಗಳ ಮಳೆ ಕುಡಿದ ಮಾಲು. ಲಾರಿಯ ತಾಡಪಲ್ ಬಿಚ್ಚುತ್ತಿದ್ದಂತೆ ವಾಸನೆ ಲ್ಯಾಬಿನವರೆಗೆ ಬಂತು. ಒದ್ದೆ ಗೋಣಿಚೀಲ, ಹಳಸಿದ ಅಂಬಲಿ, ಅದರ ಕೆಳಗೆ ಇನ್ನೊಂದು ಏನೋ, ಸತ್ತ ಇಲಿಯ ಹತ್ತಿರ ಹೋಗುವಂಥದ್ದು. ನಾನು ಸ್ಯಾಂಪಲ್ ತೆಗೆಯಲು ಚೀಲದೊಳಗೆ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ರಾಧಿಕಾ. ಜ್ವರ ಬಂದವರ ಕಂಕುಳಿನ ಹಾಗೆ ಬೆಚ್ಚಗಿತ್ತು. ಕಾಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು, ಹೊರಗೆಳೆದರೆ ಹಳದಿ ಮಿಶ್ರಿತ ಹಸಿರು ಪುಡಿ ಬೆರಳ ಸಂದಿಯಲ್ಲಿ ಉಳಿಯಿತು.

ಬಿಎಸ್ಸಿ ಎರಡನೆಯ ವರ್ಷದಲ್ಲಿ ಆ ಬೂಷ್ಟಿನ ಸ್ಲೈಡನ್ನು ನಾವಿಬ್ಬರೂ ಒಂದೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆವು. ಸೇವಂತಿಗೆ ಹೂವಿನ ಹಾಗೆ ಅದ ನೋಡು ಎಂದು ನೀನು ಹೇಳಿದ್ದೆ. ನಿನ್ನ ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ಚೆಂದ ಬಿಡಿಸಿದ್ದೆಯೆಂದರೆ ಮೇಡಂ ಇಡೀ ತರಗತಿಗೆ ತೋರಿಸಿದ್ದರು. ಆ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ತೊಳೆದರೆ ಹೋಗುವುದಿಲ್ಲ, ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿ ಕಾಳನ್ನು ಬಂಗಾರದ ಹಾಗೆ ಹೊಳೆಸಿದರೂ ವಿಷ ಒಳಗೇ ಕೂತಿರುತ್ತದೆ. ನೇರ ಯಕೃತ್ತಿಗೆ ಹೋಗುತ್ತದೆ, ಅಲ್ಲಿಂದ ಹಾಲಿಗೆ ಇಳಿಯುತ್ತದೆ.

ದನದ ಆಹಾರದಲ್ಲಿ ಅದು ನೂರು ಕೋಟಿ ಪಾಲಿಗೆ ಇಪ್ಪತ್ತು ಪಾಲು ಮೀರಬಾರದು. ಆ ಮಾಲಿನಲ್ಲಿ ಬಂದದ್ದು ಸಾವಿರದ ನಾಲ್ಕು ನೂರು. ಯಂತ್ರ ಕೆಟ್ಟಿದೆ ಎಂದುಕೊಂಡು ಮೂರು ಸಲ ಮಾಡಿದೆ. ಹಮಾಲರ ಮುಖ್ಯಸ್ಥ ಇಮಾಮುದ್ದೀನ್ ಭಾಯಿ ಬಾಗಿಲಲ್ಲಿ ನಿಂತು ಮೂಗಿಗೆ ರುಮಾಲು ಹಿಡಿದಿದ್ದರು. "ಮಷೀನ್ ಯಾಕ್ ಬೇಕ್ರಿ ಮೇಡಂ ಇದಕ್ಕ? ನನ್ನ ಮೂಗೇ ಹೇಳಾಕತ್ತದ. ಪೂರಾ ಖರಾಬ್ ಮಾಲ್ ರೀ" ಎಂದರು. ನಾನು ರಿಜಿಸ್ಟರಿನಲ್ಲಿ ತಿರಸ್ಕರಿಸಲಾಗಿದೆ ಎಂದು ಬರೆದೆ.

ಮ್ಯಾನೇಜರ್ ವೇದವ್ಯಾಸ ಯಾರೆಂದು ನಿನಗೆ ಗೊತ್ತು. ನನ್ನ ಗಂಡನ ಚಿಕ್ಕಪ್ಪನ ಮಗ. ಈ ಕೆಲಸ ಕೊಡಿಸಿದವನೂ ಅವನೇ. ಮಧ್ಯಾಹ್ನ ಅವನು ಲ್ಯಾಬಿಗೆ ಬಂದ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅದರ ತುಂಬ ಒಳ್ಳೆಯ ಮೆಕ್ಕೆಜೋಳ, ಒಂದೊಂದು ಕಾಳೂ ಮಗುವಿನ ಹಲ್ಲಿನಂತೆ. "ವೈನಿ, ಸ್ಯಾಂಪಲ್ ಇದರಾಗಿಂದ ತಗೋರಿ" ಎಂದ. ಅದು ಬೇರೆ ಮಾಲಲ್ಲವೇ ಎಂದು ಕೇಳಿದೆ. "ಹೌದಲ್ರೀ. ಅದಕ್ಕೇ ತಂದೀನಿ" ಎಂದು ನಕ್ಕ. ಮುಂದುವರಿದು, ಕೆಟ್ಟ ಮಾಲು ದಾಣಿಗೆ ಹೋಗುವುದಿಲ್ಲ, ಬಟ್ಟೆಗೆ ಹಾಕುವ ಗಂಜಿ ಮಾಡುವ ಕಾರ್ಖಾನೆಗೆ ಹೋಗುತ್ತದೆ, ನಮ್ಮ ಕಡತದಲ್ಲಿ ಒಂದು ಒಳ್ಳೆಯ ಕಾಗದ ಇದ್ದರೆ ಸಾಕು ಎಂದ. ನಾನು ನಂಬಿದೆ. ಹಳೆಯ ಹಾಳೆ ತೆಗೆದೆ, ಹೊಸ ಹಾಳೆಯಲ್ಲಿ ಹನ್ನೊಂದು ಎಂದು ಬರೆದು ಸಹಿ ಮಾಡಿದೆ.

ಅವನು ನನ್ನನ್ನು ಹೆದರಿಸಿದ ಎಂದು ಬರೆದರೆ ನನಗೆ ಸುಲಭ. ಹೆದರಿಸಲಿಲ್ಲ. ಕೆಲಸ ಹೋಗುತ್ತದೆ ಎನ್ನಲಿಲ್ಲ, ಗದರಲೂ ಇಲ್ಲ. ಊಟದ ಹೊತ್ತಾಗಿತ್ತು, ನನಗೆ ಹಸಿವಾಗಿತ್ತು, ವಾದ ಮಾಡುವುದು ಬೇಡವೆನಿಸಿತು. ಅಷ್ಟೇ. ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದು, ಡಬ್ಬಿ ಬಿಚ್ಚಿ ಊಟ ಮಾಡಿದೆ. ಆ ದಿನದ ಪಲ್ಯ ಏನೆಂದೂ ನೆನಪಿದೆ, ಹೀರೇಕಾಯಿ.

ಮಾಲು ಗಂಜಿಯ ಕಾರ್ಖಾನೆಗೆ ಹೋಗಲಿಲ್ಲ. ಒಂದು ಚೀಲ ಕೆಟ್ಟದ್ದಕ್ಕೆ ಎರಡು ಚೀಲ ಒಳ್ಳೆಯದು ಬೆರೆಸಿ ಬೀಸಿದರು. ವಾಸನೆ ಮುಚ್ಚಲು ಕಾಕಂಬಿ ಹೆಚ್ಚು ಸುರಿದರು. ಹೊಸ ಚೀಲ, ಹೊಸ ಹೊಲಿಗೆ, ಮೇಲೆ ಹಾಲಿನ ಬಿಂದಿಗೆ ಹೊತ್ತ ನಗುಮುಖದ ಹೆಂಗಸಿನ ಚಿತ್ರ.

ನೀನು ನಮ್ಮ ದಾಣಿಯನ್ನು ಕೊಳ್ಳಲು ಶುರು ಮಾಡಿದ್ದು ನನ್ನಿಂದ. ನೀನಿರೋ ಕಾರ್ಖಾನಿ ಅಂದಮ್ಯಾಲ ಮತ್ತೇನು ನೋಡೂದದ ಎಂದಿದ್ದೆ. ನನಗೆ ಹೆಮ್ಮೆಯಾಗಿತ್ತು.

ದಸರೆಯ ಹೊತ್ತಿಗೆ ನಿನ್ನ ಫೋನುಗಳು ಬದಲಾದವು. ನಾಲ್ಕರಲ್ಲಿ ಎರಡು ಎಮ್ಮೆ ಮೇವಿಗೆ ಬಾಯಿ ಹಾಕುತ್ತಿಲ್ಲ. ಹಾಲು ಅರ್ಧಕ್ಕಿಳಿದಿದೆ. ಏಳು ತಿಂಗಳ ಬಸುರಿ ಎಮ್ಮೆ ಕಂದು ಹಾಕಿತು. ಗಂಗಿಯ ಕಣ್ಣಿನ ಬಿಳಿ ಅರಿಷಿಣ ತಿಕ್ಕಿದಂತೆ ಹಳದಿಯಾಗಿದೆ. ನೀನು ಒಂದೊಂದನ್ನೇ ಹೇಳುತ್ತ ಹೋದೆ, ನಾನು ಹ್ಞೂಂ ಹ್ಞೂಂ ಎನ್ನುತ್ತ ಹೋದೆ. ಜಂತಿನ ಔಷಧಿ ಕುಡಿಸು ಎಂದೆ. ಅದನ್ನು ಹೇಳಿದ ನಾಲಿಗೆಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ನವೆಂಬರ್ ಮೊದಲ ವಾರದ ಆ ದಿನ ನೆನಪಿಸಿಕೋ. ಹಿಂದಿನ ಬೆಳಿಗ್ಗೆ ನಿನ್ನ ಅತ್ತೆ, ಏನೂ ತಿನ್ನದ ಗಂಗಿಗೆ ಹಸಿರಾದರೂ ಸೇರೀತು ಎಂದು, ಹೊಲದ ಬದುವಿನ ಎಳೆಜೋಳದಲ್ಲಿ ಅದನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರು. ಮರುದಿನ ನಸುಕಿನಲ್ಲಿ ಗಂಗಿ ಸತ್ತಿತು. ನೀನು ಫೋನ್ ಮಾಡಿದಾಗ ನಾನು ಸಿಕ್ಕ ಬಸ್ಸು ಹಿಡಿದು ಕಮಲಾಪುರಕ್ಕೆ ಬಂದೆ. ಹಟ್ಟಿಯ ಮುಂದೆ ಓಣಿಯ ಜನ ನಿಂತಿದ್ದರು. ಗಂಗಿ ಕಾಲು ಸೆಟೆದು ಮಲಗಿತ್ತು, ಹೊಟ್ಟೆ ನಗಾರಿಯಾಗಿತ್ತು, ಮೂಗಿನಿಂದ ರಕ್ತ ಕಟ್ಟಿದ ನೊರೆ, ಅದರ ಮೇಲೆ ನೊಣ. ಹಟ್ಟಿಯ ಮೂಲೆಯಲ್ಲಿ ನಮ್ಮ ಚೀಲ ಅರ್ಧ ಬಿಚ್ಚಿ ನಿಂತಿತ್ತು. ಚೀಲದ ಬಾಯಿಗೆ ಹೊಲಿದ ಚೀಟಿಯ ನಂಬರು ನೋಡಿದೆ. ಆ ನಂಬರು ಯಾವ ಮಾಲಿನದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕೆಟ್ಟ ಮಾಲು ನಿಮ್ಮ ಮನೆಗೆ ಬಂದಿದೆಯೆಂದು ನನಗೆ ತಿಳಿದದ್ದು ಆ ಕ್ಷಣ.

ನೀನು ಎಲ್ಲರ ಮುಂದೆ ನನ್ನ ಕೈ ಹಿಡಿದು ಕೇಳಿದೆ: "ಮಂಜೂ, ನೀ ಲ್ಯಾಬಿನ್ಯಾಕಿ, ನೀ ಹೇಳು. ಎಳಿಜ್ವಾಳ ತಿಂದರ ಎಮ್ಮಿ ಸಾಯ್ತಾವೇನು?"

ನಾನು ಹೇಳಿದೆ: "ಸಾಯ್ತಾವ. ಎಳಿಜ್ವಾಳದಾಗ ವಿಷ ಇರ್ತದ."

ಸುಳ್ಳಲ್ಲ. ಪುಸ್ತಕದಲ್ಲಿ ಇರುವ ಮಾತು. ಆದರೆ ಎಳೆಜೋಳದ ವಿಷ ತಗುಲಿದ ದನ ಹೊಲದಲ್ಲೇ, ಹೆಚ್ಚೆಂದರೆ ಒಂದೆರಡು ತಾಸಿನಲ್ಲಿ, ನಡುಗಿ ಬೀಳುತ್ತದೆ. ಮೇಯ್ದು ಮನೆಗೆ ನಡೆದು ಬಂದು ಮರುದಿನ ಸಾಯುವುದಿಲ್ಲ. ತಿಂಗಳ ಮೊದಲೇ ಅದರ ಕಣ್ಣು ಹಳದಿಯಾಗುವುದಿಲ್ಲ. ಅದು ನನಗೆ ಗೊತ್ತಿತ್ತು, ಆ ಅಂಗಳದಲ್ಲಿ ನಿಂತ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಗಂಡ ಚಂದ್ರಶಾ ಅಣ್ಣ, ಪಶು ಡಾಕ್ಟರನ್ನು ಕರೆಸಿ ಕೊಯ್ದು ನೋಡಿಸೋಣವೇ ಎಂದು ಕೇಳಿದರು. ಇನ್ನ ಏನ್ ನೋಡೂದದ ಅಣ್ಣ, ಪಾಪದ ಜೀವ, ಮಣ್ಣು ಮಾಡಿಬಿಡ್ರಿ ಎಂದೆ. ಜೆಸಿಬಿ ಬಂದು ಗುಂಡಿ ತೋಡಿತು. ನಾನು ಒಂದು ಹಿಡಿ ಮಣ್ಣು ಹಾಕಿದೆ.

ಆಮೇಲೆ ನೀನು ಅತ್ತೆಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ಅತ್ತಿ, ನಿಮ್ಮ ಕೈಗಿ ಇನ್ನ ಒಂದು ಜೀವ ಒಪ್ಪಸೂದು ಬ್ಯಾಡಾಗ್ಯಾದ." ನೀಲಾಂಬಿಕಾ ಅತ್ತೆಯ ತೊಡೆಯ ಮೇಲಿದ್ದಳು. ಮಗುವನ್ನು ಮೆಲ್ಲಗೆ ಕೆಳಗಿಳಿಸಿ ಒಳಗೆ ಹೋದರು. ಚಂದ್ರಶಾ ಅಣ್ಣ ತಾಯಿಯ ಕಡೆ ನೋಡಲಿಲ್ಲ. ನೀನು ಅಂದದ್ದಕ್ಕೆ ನಿನ್ನನ್ನು ದೂರುತ್ತಿಲ್ಲ. ಆ ಮಾತನ್ನು ನಿನ್ನ ಬಾಯಿಗೆ ಇಟ್ಟವಳು ನಾನು. ಅದಾದ ಮೇಲೆ ನೀನೇ ಬಡಿಸಿದ ರೊಟ್ಟಿ, ಪುಂಡಿಪಲ್ಯ ಉಂಡೆ, ಹೊರಡುವಾಗ ನೀನು ಚೀಲಕ್ಕೆ ಹಾಕಿದ ಕೆಂಪು ಬಾಳೆಹಣ್ಣು ತಂದೆ. ಎರಡು ದಿನ ಬಿಟ್ಟು ಅತ್ತೆ ಮಗಳ ಮನೆಗೆ, ಇಲ್ಲೇ ಕಲಬುರಗಿ ಪಕ್ಕದ ಶರಣಸಿರಸಗಿಗೆ, ಹೊರಟುಹೋದರು ಎಂದು ನೀನು ಹೇಳಿದಾಗ, ಸ್ವಲ್ಪ ದಿನ ಇದ್ದು ಬರಲಿ ಬಿಡು ಎಂದೆ.

ಈ ಪತ್ರ ಬರೆಯುವಂತೆ ಮಾಡಿದ್ದು ಹೋದ ಮಂಗಳವಾರ. ಹೊಸ ಬೆಳೆಯ ಮೆಕ್ಕೆಜೋಳದ ಸ್ಯಾಂಪಲ್ ತೆಗೆಯಲು ನೆಹರು ಗಂಜಿನ ಧಾನ್ಯದ ಪೇಟೆಯ ಒಂದು ಗೋದಾಮಿಗೆ ಹೋಗಿದ್ದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಈ ವರ್ಷದ ಮಾಲೂ ಅಷ್ಟಕ್ಕಷ್ಟೇ. ಒಳಗೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕುಳಿತು ಜರಡಿ ಆಡಿಸುತ್ತಿದ್ದರು. ಗಾಳಿಯೆಲ್ಲ ಹಸಿರು ಧೂಳು. ಅವರ ಹುಬ್ಬಿನ ಮೇಲೆ ಹಸಿರು, ರೆಪ್ಪೆಯ ಮೇಲೆ ಹಸಿರು, ಬಾಯಿಗೆ ಸುತ್ತಿದ ಸೆರಗಿನ ಮೇಲೆ ಉಸಿರಾಡಿದ ಕಡೆ ಎರಡು ಒದ್ದೆ ಹಸಿರು ಕಲೆ. ನಾನು ಮಾಸ್ಕ್ ಹಾಕಿಕೊಂಡಿದ್ದೆ, ಎರಡೆರಡು. ಜರಡಿಯಿಂದ ಕೆಳಗೆ ಬಿದ್ದ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಗುಮಾಸ್ತನನ್ನು ಕೇಳಿದೆ. "ಕೋಳಿಗ್ರಿ, ದನಕ್ರಿ, ಯಾರು ಕೇಳ್ತಾರ ಅವರಿಗ್ರಿ" ಎಂದ. ಅವನು ಹೇಳಿದ ರೀತಿ ಹೇಗಿತ್ತೆಂದರೆ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿದ ಹಾಗೆ.

ಆಗ ಸಾಲಿನಿಂದ ಒಂದು ದನಿ, "ಯಾರು, ಮಂಜವ್ವೇನು?"

ಕಣ್ಣು ಮಾತ್ರ ಕಾಣುತ್ತಿತ್ತು, ಆದರೂ ತಿಳಿಯಿತು. ನಾನು ಆಯಿ ಎಂದು ಕರೆಯುವ, ನಿನ್ನ ಅತ್ತೆ. ಸೆರಗು ಕೆಳಗೆ ಸರಿಸಿ ನಕ್ಕರು. ಕೆಮ್ಮಿದರು. ಉಗುಳಿದ್ದು ಹಸಿರಾಗಿತ್ತು, ಅದನ್ನು ಕಾಲಿನಿಂದ ಧೂಳು ಎಳೆದು ಮುಚ್ಚಿದರು, ನಾನು ನೋಡಬಾರದೆಂದು. "ಮಗಳ ಮನ್ಯಾಗ ಕುಂತು ಉಣ್ಣಾಕ ಮನಸ ಒಪ್ಪವಲ್ದವ್ವ. ಅದಕ ಇಲ್ಲಿ ಕೂಲಿಗಿ ಬರ್ತೀನಿ. ನೀಲವ್ವ ಹ್ಯಾಂಗ ಅದಾಳ? ನನ್ನ ಕೇಳ್ತಾಳೇನು?" ಎಂದರು. ನಾನು ಕೇಳುತ್ತಾಳೆ ಎಂದೆ. ಆಮೇಲೆ ಅವರು ಜರಡಿಯಿಂದ ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಈ ವಾಸನಿ ನನಗ ಹೊಸಾದಲ್ಲವ್ವ. ನಮ್ಮ ಹಟ್ಟ್ಯಾಗ ಆ ಚೀಲ ಬಿಚ್ಚಿದಾಗೆಲ್ಲಾ ಇದ ವಾಸನಿ ಬರ್ತಿತ್ತು. ಮ್ಯಾಲ ಬೆಲ್ಲದ ವಾಸನಿ, ಕೆಳಗ ಇದು. ನಾ ರಾಧಿಗಿ ಹೇಳಿದೆ. ಕಾರ್ಖಾನ್ಯಾಗ ಮಂಜು ಅದಾಳ ಅತ್ತಿ, ಆಕಿ ನೋಡೇ ಕಳಸ್ತಾಳ ಅಂದಳು. ನನಗೂ ಹೌದನಸ್ತು. ಮಂಜವ್ವ ಇದ್ದಲ್ಲಿಂದ ಕೆಟ್ಟದ್ದು ಹ್ಯಾಂಗ ಬರ್ತದ? ಸುಮ್ಮನಾದೆ. ನನ್ನ ಮೂಗೇ ಸುಳ್ಳಾತು. ಕಡೀಕ ನೋಡು, ನನ್ನ ಕೈಯಾಗ ಹುಟ್ಟಿದ ಗಂಗೀನ್ನ ನನ್ನ ಕೈಯಾರೆ ಕೊಂದೆ."

ನಾನು ಹೊರಗೆ ಬಂದು ಗಟಾರದ ಪಕ್ಕದಲ್ಲಿ ವಾಂತಿ ಮಾಡಿದೆ. ಹೋಗುವವರು ಬರುವವರು ನೋಡಿದರು, ಒಬ್ಬರು ನೀರು ಕೊಟ್ಟರು. ಗೋದಾಮಿನ ವಾಸನೆಗೆ ಬಂತೆಂದುಕೊಂಡಿರಬೇಕು.

ಅಲ್ಲಿಂದ ಸೀದಾ ಲ್ಯಾಬಿಗೆ ಹೋದೆ. ಪ್ರತಿ ಮಾಲಿನದೂ ಒಂದು ಬಾಟಲಿ ಆರು ತಿಂಗಳು ತೆಗೆದಿಡುವುದು ನಿಯಮ. ಆಗಸ್ಟಿನ ಮೆಕ್ಕೆಜೋಳದ ಬಾಟಲಿ ಇತ್ತು, ನಿಮ್ಮ ಹಟ್ಟಿಯಲ್ಲಿ ನಂಬರು ನೋಡಿದ ದಾಣಿಯ ಬಾಟಲಿಯೂ ಇತ್ತು. ಎರಡನ್ನೂ ಪರೀಕ್ಷೆ ಮಾಡಿದೆ. ದಾಣಿಯಲ್ಲಿ ಬಂದದ್ದು ನಾಲ್ಕು ನೂರ ಅರವತ್ತು. ಇಪ್ಪತ್ತರ ಜಾಗದಲ್ಲಿ ನಾಲ್ಕು ನೂರ ಅರವತ್ತು, ರಾಧಿಕಾ, ಹಾಲು ಕೊಡುವ ದನಕ್ಕೆ.

ಎರಡೂ ಹಾಳೆ ಹಿಡಿದು ವೇದವ್ಯಾಸನ ಕೋಣೆಗೆ ಹೋದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ. ಹಾಳೆಗಳನ್ನು ನೋಡಿ ಮಡಚಿ ಪೇಪರ್‌ವೇಟಿನ ಕೆಳಗಿಟ್ಟ. "ವೈನಿ, ಎಮ್ಮಿ ಎಳಿಜ್ವಾಳ ತಿಂತು, ಸತ್ತಿತು. ಊರೆಲ್ಲಾ ಒಪ್ಪಿದ ಮಾತದು. ನೀವ ಹೇಳಿದ್ದಲ್ಲೇನ್ರಿ?" ಎಂದ. ನಾನು ಹೇಳಿದ್ದು ಇವನಿಗೆ ಹೇಗೆ ಗೊತ್ತು ಎಂದು ನೋಡಿದೆ. ಕಮಲಾಪುರದ ನಮ್ಮ ಏಜೆಂಟನೂ ಆ ದಿನ ನಿಮ್ಮ ಅಂಗಳದಲ್ಲಿ ನಿಂತಿದ್ದನಂತೆ. ವೇದವ್ಯಾಸ ದನಿ ತಗ್ಗಿಸಿ, ಮನೆಯವರ ಹತ್ತಿರ ಮಾತಾಡುವಂತೆ ಹೇಳಿದ: "ಅವತ್ತು ನೀವು ಹಾಂಗ ಹೇಳಿದ್ದು ಭಾಳ ಛಲೋ ಆತ್ರಿ. ಮಾಲಕರ ಮುಂದನೂ ನಿಮ್ಮ ಹೆಸರ ತಗದೀನಿ. ಇಂಥ ಮಂದಿ ಬೇಕ್ರಿ ನಮಗ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕೃತಜ್ಞನಾಗಿದ್ದ. ಚಹಾದ ಮೇಲೆ ಕೆನೆ ಕಟ್ಟಿತ್ತು. ನಾನು ಅದನ್ನು ನೋಡುತ್ತ ಕುಳಿತಿದ್ದೆ. ನನ್ನೆದುರು ಕುಳಿತಿರುವುದು ಬೂಷ್ಟು, ಅದು ನನ್ನ ಮೇಲೆ ಬಂದು ಕೂರುತ್ತಿಲ್ಲ, ನಾವಿಬ್ಬರೂ ಒಂದೇ ಚೀಲದಲ್ಲಿ ಮೊದಲಿಂದ ಇದ್ದೇವೆ ಎನಿಸಿತು. ಎದ್ದು ಬಂದೆ.

ಮರುದಿನ, ಅವನು ಬರುವ ಮೊದಲೇ ಹೋಗಿ, ಬಾಟಲಿಗಳನ್ನೂ ರಿಜಿಸ್ಟರಿನಿಂದ ಆಗಸ್ಟಿನಲ್ಲಿ ಕಿತ್ತು ನಾನೇ ಕಪಾಟಿನ ಕೆಳಗೆ ಬಚ್ಚಿಟ್ಟಿದ್ದ ಹಳೆಯ ಹಾಳೆಯನ್ನೂ ಪೆಟ್ಟಿಗೆಗೆ ತುಂಬಿದೆ. ಅದನ್ನು ಯಾಕೆ ಬಚ್ಚಿಟ್ಟಿದ್ದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಇಮಾಮುದ್ದೀನ್ ಭಾಯಿ ಏನೂ ಕೇಳದೆ ಪೆಟ್ಟಿಗೆಯನ್ನು ನನ್ನ ಸ್ಕೂಟರಿನವರೆಗೆ ಹೊತ್ತು ತಂದರು. "ಛಲೋ ಮಾಡಿದ್ರಿ ಮೇಡಂ. ನಾ ಅಂತೂ ನನ್ನ ಬಕ್ರಿಗೋಳಿಗಿ ಇಲ್ಲಿಂದ ಒಯ್ಯೂದು ಆಗಸ್ಟ್‌ನಾಗೇ ಬಂದ್ ಮಾಡೀನ್ರಿ. ಇಲ್ಲಿ ಯಾರೂ ಒಯ್ಯಂಗಿಲ್ರಿ ಈಗ" ಎಂದರು. ಗೇಟಿನ ಹತ್ತಿರ ನಿಂತುಬಿಟ್ಟೆ. ಕಾರ್ಖಾನೆಯ ಹಮಾಲರಿಗೆ, ಡ್ರೈವರಿಗೆ, ಕಾವಲುಗಾರನಿಗೆ, ಎಲ್ಲರಿಗೂ ಗೊತ್ತಿತ್ತು. ತಮ್ಮ ತಮ್ಮ ಆಡು, ಕೋಳಿಗಳನ್ನು ಉಳಿಸಿಕೊಂಡು ಚೀಲಗಳನ್ನು ದಿನವೂ ಲಾರಿಗೆ ಏರಿಸುತ್ತಿದ್ದರು. ಒಳ್ಳೆಯ ಮನುಷ್ಯ ಎಂದು ನಾನು ತಿಳಿದಿದ್ದ ಆ ಮುದುಕನ ಮೇಲೂ ಹೇಸಿಗೆ ಬಂತು.

ಶುಕ್ರವಾರ ಪಶುಸಂಗೋಪನೆ ಇಲಾಖೆಯ ಕಚೇರಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿ, ನನ್ನ ಹೇಳಿಕೆಯನ್ನು ನನ್ನ ಕೈಯಿಂದಲೇ ಬರೆದುಕೊಟ್ಟೆ. ಸುಳ್ಳು ಹಾಳೆಯೂ ನನ್ನದೇ ಎಂದು ಬರೆದಿದ್ದೇನೆ. ಅವರು ನಿಮ್ಮಲ್ಲಿಗೂ ಬರುತ್ತಾರೆ. ಉಳಿದ ಚೀಲಗಳನ್ನು ಅವರಿಗೇ ಕೊಡು. ದುಡ್ಡು ಕೊಟ್ಟು ತಂದದ್ದೆಂದು ಬಿಸಿಲಿಗೆ ಹಾಕಿ ಒಣಗಿಸಬೇಡ, ಕೋಳಿಗೂ ಎರಚಬೇಡ. ಉಳಿದ ಮೂರು ಎಮ್ಮೆಗಳಿಗೆ ಜೋಳದ ಒಳ್ಳೆಯ ಒಣ ಕಣಕಿ, ಹಸಿಮೇವು ಹಾಕು. ದಾಣಿ ನಿಲ್ಲಿಸಿದ ಐದಾರು ದಿನಕ್ಕೆ ಹಾಲಿನಿಂದ ವಿಷ ಇಳಿಯುತ್ತದೆ. ನೀಲಾಂಬಿಕಾಳನ್ನು ಮಕ್ಕಳ ಡಾಕ್ಟರಿಗೆ ತೋರಿಸು, ದನದ ದಾಣಿಯ ವಿಷಯ ಬಿಚ್ಚಿ ಹೇಳಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸು. ಗಾಬರಿಯಾಗಬೇಡ, ಆದರೆ ತಡ ಮಾಡಬೇಡ.

ನಿನ್ನೆ ನಿನಗೆ ಫೋನ್ ಮಾಡುವ ಮೊದಲು ಮತ್ತೆ ಆ ಗೋದಾಮಿಗೆ ಹೋಗಿದ್ದೆ. ಆಯಿಯನ್ನು ಹೊರಗೆ ಕರೆದು, ಗೋಡೆಯ ನೆರಳಿಗೆ ಕೂರಿಸಿ, ನಿನಗೆ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಹೇಳಿದೆ. ಅವರಿಗೆ ಅಫ್ಲಾಟಾಕ್ಸಿನ್ನಿನ ವಿವರ ಬೇಕಿರಲಿಲ್ಲ. "ಹಂಗಾರ ಗಂಗಿ ನನ್ನಿಂದ ಸತ್ತಿಲ್ಲ?" ಎಂದು ಕೇಳಿದರು. ಇಲ್ಲ ಎಂದೆ. "ಎಳಿಜ್ವಾಳದಿಂದ ಅಲ್ಲ?" ಎಂದರು. ಅಲ್ಲ ಎಂದೆ. "ಅವತ್ತು ಅಂಗಳದಾಗ ನಿಂತಾಗ ನಿನಗ ಗೊತ್ತಿತ್ತು?" ಎಂದರು. ಗೊತ್ತಿತ್ತು ಎಂದೆ.

ಅವರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕೆಮ್ಮು ಬಂತು, ನಿಲ್ಲಲಿಲ್ಲ. ನಾನು ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಡಹೋದೆ. ಅವರು ನನ್ನ ಕೈಯನ್ನು ನೋಡಿದರು, ಬಾಟಲಿಯನ್ನಲ್ಲ. "ಬ್ಯಾಡ. ನಿನ್ನ ಕೈಯಿಂದ ಬ್ಯಾಡ" ಎಂದರು. ಎದ್ದು ಹೋಗಿ ಗೋದಾಮಿನ ಮುಂದಿನ ನಲ್ಲಿಯಿಂದ ಬೊಗಸೆಯಲ್ಲಿ ಕುಡಿದರು. ನಮ್ಮ ಮನೆಯಲ್ಲಿ ಮಡಿಯೆಂದು ಬೇರೆಯವರ ಕೈಯ ನೀರು ಕುಡಿಯದವರನ್ನು ಎಷ್ಟೋ ನೋಡಿದ್ದೇನೆ. ನನ್ನ ಕೈಯದನ್ನು ಬೇಡವೆಂದವರು ಇವರೊಬ್ಬರೇ, ಅದಕ್ಕೆ ಸರಿಯಾದ ಕಾರಣ ಇದ್ದವರೂ ಇವರೊಬ್ಬರೇ.

ಮನೆಗೆ ಬರುತ್ತೀರಾ, ನಾನೇ ಕಮಲಾಪುರಕ್ಕೆ ಬಿಡುತ್ತೇನೆ ಎಂದೆ. "ನೀ ಬಿಡಾಕಿ ಯಾರು? ರಾಧಿ ಅಂದಾಳ. ರಾಧೀನ ಬಂದು ಕರೀಲಿ" ಎಂದು ಸೆರಗು ಸುತ್ತಿಕೊಂಡು ಒಳಗೆ ಹೋದರು.

ಹೋಗು, ರಾಧಿಕಾ. ಈ ಪತ್ರ ಕೈ ಸೇರಿದ ದಿನವೇ ಹೋಗು. ಗಂಜಿನ ಹಿಂದಿನ ಸಾಲಿನಲ್ಲಿ, ನೀಲಿ ಶೆಟರಿನ ಗೋದಾಮು. ಸಂಜೆ ಐದರವರೆಗೆ ಇರುತ್ತಾರೆ. ನೀಲಾಂಬಿಕಾಳನ್ನೂ ಕರೆದುಕೊಂಡು ಹೋಗು, ಆದರೆ ಒಳಗೆ ಬಿಡಬೇಡ, ಆ ಗಾಳಿ ಒಳ್ಳೆಯದಲ್ಲ. ಕ್ಷಮೆ ಕೇಳಲು ನಿನಗೆ ಕಷ್ಟವಾದರೆ ಈ ಪತ್ರ ಅವರ ಮುಂದೆ ಓದು. ಊರಿನವರ ಮುಂದೆಯೂ ಓದು, ಆ ಅಂಗಳದಲ್ಲಿ ನಿಂತಿದ್ದವರೆಲ್ಲರ ಮುಂದೆ. ನನ್ನ ಹೆಸರು ಬಿಡಬೇಡ.

ನನಗೆ ನೀನು ಉತ್ತರ ಬರೆಯಬೇಕಿಲ್ಲ.

ಇಷ್ಟು ನಡೆದದ್ದು,
ಮಂಜುಷಾ

ಮರೆತದ್ದಲ್ಲ, ಬಿಟ್ಟದ್ದು: ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿ ಮತ್ತೆ ಹರಿದೆ. ನಾನು ವೇದವ್ಯಾಸನನ್ನು ನಂಬಿದೆ ಎಂದೂ, ನಿಮ್ಮ ಮನೆಗೆ ಆ ಮಾಲು ಬಂದದ್ದು ಗಂಗಿ ಸತ್ತ ದಿನ ತಿಳಿಯಿತೆಂದೂ ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ಸೆಪ್ಟೆಂಬರ್ ಎಂಟರಂದು ಆ ದಾಣಿಯ ಮೊದಲ ಲಾರಿ ಹೊರಟಾಗ ಚಲನ್ ನನ್ನ ಮೇಜಿನ ಮೇಲಿತ್ತು, ಅದರಲ್ಲಿ ಕಮಲಾಪುರ ಎಂದಿತ್ತು. ಚಂದ್ರಶಾ ಅಣ್ಣ ದಿನಾ ಬೆಳಿಗ್ಗೆ ಆಫೀಸಿಗೆ ಬರುವಾಗ ನಮ್ಮ ಮನೆಗೆ ಕೊಟ್ಟುಹೋಗುತ್ತಿದ್ದ ಎರಡು ಲೀಟರ್ ಹಾಲನ್ನು ಮರುದಿನದಿಂದ ಬೇಡವೆಂದೆ. ನಮ್ಮ ಅತ್ತೆ ಮಥುರಾಬಾಯಿಯವರ ಚಾತುರ್ಮಾಸ್ಯದ ಕ್ಷೀರವ್ರತ, ಅವರು ಹಾಲು ಮುಟ್ಟುವುದಿಲ್ಲ, ಮನೆಯಲ್ಲಿ ಹಾಲು ಖರ್ಚಾಗುವುದಿಲ್ಲ ಎಂದು ಹೇಳಿಕಳಿಸಿದೆ. ವ್ರತ ಅತ್ತೆಯೊಬ್ಬರದು, ಒಂದೇ ತಿಂಗಳಿನದು. ಆಮೇಲೂ ನಾನು ಹಾಲು ಕೇಳಲಿಲ್ಲ, ನೀನೂ ಯಾಕೆಂದು ಕೇಳಲಿಲ್ಲ. ನನ್ನ ಮಗಳು ಮೃದುಲಾ ಅಂದಿನಿಂದ ಪ್ಯಾಕೆಟ್ ಹಾಲು ಕುಡಿಯುತ್ತಿದ್ದಾಳೆ. ಮೊದಲ ದಿನ ಅವಳ ಲೋಟಕ್ಕೆ ಅದನ್ನು ಸುರಿಯುವಾಗ ನೀಲಾಂಬಿಕಾಳ ನೆನಪು ಬಂದಿತ್ತು, ರಾಧಿಕಾ. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರೆ ತೊಂಬತ್ತಾರು ದಿನ ಎಂದು ಹೇಳು.